ಮಲ: ಆಡಲು ಸಂಕೋಚ, ಅಡಗಿಸಿದರೆ ಅಪಾಯ



ಇಂದಿನ ವಿಷಯ ನೋಡಿದ ಕೂಡಲೇ ಕೆಲವರು ಮೂಗು ಮುರಿಯಬಹುದು. ಊಟ ಮಾಡುತ್ತಾ ಮೊಬೈಲ್ ನೋಡುವ ಅಭ್ಯಾಸವಿರುವವರು ದಯವಿಟ್ಟು ಊಟ ಮುಗಿಸಿ, ಕೈ ತೊಳೆದು ಬಂದು ಓದಿ. ಓದದೆ ಮಾತ್ರ ಅಳಿಸಬೇಡಿ.

ಬಿಪಿ, ಶುಗರ್, ಮಂಡಿನೋವು ಇವುಗಳ ಬಗ್ಗೆ ನಾವು ರೈಲಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರ ಹತ್ತಿರವೂ ಮಾತಾಡುತ್ತೇವೆ. ಆದರೆ ದೇಹ ದಿನವೂ ಹೊರಹಾಕುವ ಒಂದು ವಸ್ತುವಿನ ಬಗ್ಗೆ ಮಾತ್ರ ಗಂಡ ಹೆಂಡತಿಗೆ ಹೇಳುವುದಿಲ್ಲ, ತಾಯಿ ಮಗನಿಗೆ ಹೇಳುವುದಿಲ್ಲ, ಕೊನೆಗೆ ರೋಗಿ ವೈದ್ಯರಿಗೂ ಹೇಳುವುದಿಲ್ಲ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಇನ್ನೂ ಕಷ್ಟ. ಪುಣೆಯಲ್ಲೋ ದೆಹಲಿಯಲ್ಲೋ ಇರುವ ಮಗನ ಮನೆಗೆ ಬಂದು ನೆಲೆಸಿದ ಎಪ್ಪತ್ತು ದಾಟಿದ ಅಮ್ಮನಿಗೆ ಅಲ್ಲಿನ ಭಾಷೆ ಬಾರದು. ಕ್ಲಿನಿಕ್ಕಿನಲ್ಲಿ ಮಗ ಅಥವಾ ಸೊಸೆಯೇ ಅವರ ಬಾಯಿ. ಆ ಬಾಯಿಯ ಮೂಲಕ "ಹೊಟ್ಟೆ ಸರಿಯಿಲ್ಲ" ಎಂಬ ಎರಡು ಮಾತು ಮಾತ್ರ ದಾಟುತ್ತದೆ. ಹೊಟ್ಟೆ ಸರಿಯಿಲ್ಲ ಎಂದರೆ ಗ್ಯಾಸೂ ಆಗಬಹುದು, ಹುಣ್ಣೂ ಆಗಬಹುದು, ಕರುಳಿನ ಕ್ಯಾನ್ಸರೂ ಆಗಬಹುದು. ಆದ್ದರಿಂದ ಇಂದು ಆ ಮಾತನ್ನೇ ಎತ್ತಿಕೊಳ್ಳೋಣ: *ಮಲ*. ಈ ಪದ ಎಲ್ಲಿಂದ ಬಂತು, ಅದರ ಅರ್ಥವೇನು, ಅದನ್ನು ಸಂಕೋಚವಿಲ್ಲದೆ ಆಡಿದರೆ ಏನು ಲಾಭ, ನೋಡೋಣ.

*ನಿರ್ಮಲಾ ಎಂಬ ಹೆಸರಿನೊಳಗೆ*

ನಿಮ್ಮ ಬಳಗದಲ್ಲಿ ಒಬ್ಬ ನಿರ್ಮಲಾ, ಒಬ್ಬ ವಿಮಲಾ, ಒಬ್ಬ ಅಮಲಾ ಇದ್ದೇ ಇರುತ್ತಾರೆ. ಮೂರೂ ಹೆಸರುಗಳ ಒಳಗೆ ಇರುವುದು ಮಲವೇ! ನಿರ್, ವಿ, ಅ ಎಂಬವು "ಇಲ್ಲ" ಎನ್ನುವ ಅರ್ಥ ಕೊಡುತ್ತವೆ. ಮಲವಿಲ್ಲದವಳು, ಅಂದರೆ ಕೊಳೆಯಿಲ್ಲದವಳು, ಶುಭ್ರವಾದವಳು ಎಂದು ಅರ್ಥ.

ಸಂಸ್ಕೃತದಲ್ಲಿ ಮಲ ಎಂದರೆ ಮೊದಲಿಗೆ ಬರೀ ಕೊಳೆ. ಋಗ್ವೇದದ ಹತ್ತನೇ ಮಂಡಲದಲ್ಲಿ ಮುನಿಗಳು ಉಟ್ಟ ಕಂದುಬಣ್ಣದ ಕೊಳೆಬಟ್ಟೆಯನ್ನು ಹೇಳುವಾಗಲೇ ಈ ಪದ ಬರುತ್ತದೆ. ಅದರಿಂದಲೇ ಮಲಿನ, ಅದರಿಂದಲೇ ಮಾಲಿನ್ಯ. ವಾಯುಮಾಲಿನ್ಯ ಎಂದು ಪತ್ರಿಕೆಯಲ್ಲಿ ಓದುವಾಗ ನಮಗೆ ಮಲದ ನೆನಪಾಗುವುದಿಲ್ಲ, ಆದರೆ ಬೇರು ಅದೇ. ಮುಂಬೈ, ಪುಣೆಯವರಿಗೆ ಗೊತ್ತಿರುವಂತೆ ಮರಾಠಿಯಲ್ಲಿ ಮೈಮೇಲಿನ ಕೊಳೆಗೆ ಇಂದಿಗೂ "ಮಳ" ಎನ್ನುತ್ತಾರೆ. ಹಿಂದಿಯ "ಮೈಲಾ" ಕೂಡ ಇದೇ ಬಳಗದ್ದು. ಶೈವ ಸಿದ್ಧಾಂತದಲ್ಲಿ ಆಣವ, ಮಾಯೆ, ಕರ್ಮ ಎಂಬ ಮೂರನ್ನು *ಮಲತ್ರಯ* ಎನ್ನುತ್ತಾರೆ. ಅಲ್ಲಿ ಮಲವೆಂದರೆ ಆತ್ಮಕ್ಕೆ ಅಂಟಿದ ಕೊಳೆ.

ಹಾಗೆಂದು ಎಲ್ಲ ಕಡೆ ಮಲ ಹುಡುಕಬೇಡಿ. ಮಲೆನಾಡಿನ "ಮಲೆ" ನಮ್ಮ ದ್ರಾವಿಡ ಪದ, ಬೆಟ್ಟ ಎಂದರ್ಥ. ಕಮಲಕ್ಕೂ ಇದಕ್ಕೂ ನಂಟಿಲ್ಲ. ಕಮಲಮ್ಮನವರು ನಿಶ್ಚಿಂತೆಯಾಗಿರಲಿ.

ಆಯುರ್ವೇದದಲ್ಲಿ ಮಲ ಎಂಬುದು ಬೈಗುಳವಲ್ಲ, ಶಾಸ್ತ್ರದ ಪದ. ದೋಷ, ಧಾತು, ಮಲ ಈ ಮೂರರ ಮೇಲೆ ಶರೀರ ನಿಂತಿದೆ ಎನ್ನುತ್ತದೆ ಆ ಶಾಸ್ತ್ರ. ಪುರೀಷ, ಮೂತ್ರ, ಬೆವರು ಇವು ಮೂರು ಮುಖ್ಯ ಮಲಗಳು. ಕಿವಿಯ ಗುಗ್ಗೆ, ಕಣ್ಣಿನ ಪಿಸುರು ಕೂಡ ಮಲದ ಲೆಕ್ಕದಲ್ಲೇ ಬರುತ್ತವೆ. ಹೀಗೆ ದೇಹ ಬೇಡವೆಂದು ಬಿಟ್ಟದ್ದಕ್ಕೆಲ್ಲ ಇದ್ದ ಹೆಸರು, ದಿನಬಳಕೆಯ ಕನ್ನಡಕ್ಕೆ ಬರುವಾಗ ಕಿರಿದಾಗಿ ಒಂದೇ ವಸ್ತುವಿಗೆ ನಿಂತಿತು.

ಇಂಗ್ಲಿಷಿನಲ್ಲೂ ಹೀಗೇ ಆಗಿದೆ. ಲ್ಯಾಬಿನ ಚೀಟಿಯಲ್ಲಿ ಬರೆಯುವ "ಸ್ಟೂಲ್" ಎಂದರೆ ನಿಜವಾಗಿ ಕೂರುವ ಪೀಠ. ಹಿಂದೆ ಅಲ್ಲಿ ತೂತಿರುವ ಪೀಠದ ಮೇಲೆ ಕುಳಿತು ಶೌಚ ಮಾಡುತ್ತಿದ್ದರು. ನಾಚಿಕೆಗೆ ವಸ್ತುವಿನ ಹೆಸರು ಬಿಟ್ಟು ಪೀಠದ ಹೆಸರು ಹಿಡಿದರು. ವೈದ್ಯರು ಬಳಸುವ "ಫೀಸಿಸ್" ಎಂಬುದು ಲ್ಯಾಟಿನ್ ಪದ, ಪಾತ್ರೆಯ ತಳದಲ್ಲಿ ಉಳಿಯುವ ಗಸಿ ಎಂದರ್ಥ.

*ಹೇಲು: ಹಾಲಿನಷ್ಟೇ ಹಳೆಯ ಮಾತು*

ಇದಕ್ಕೆ ಅಚ್ಚಗನ್ನಡದ ಪದ "ಹೇಲು". ಇಂದು ಇದು ಬೈಗುಳ. ಆದರೆ ಹಳಗನ್ನಡದಲ್ಲಿ ಇದು "ಪೇಲ್". ಪಾಲು ಹಾಲಾದಂತೆ, ಪೂವು ಹೂವಾದಂತೆ, ಪೇಲ್ ಹೇಲಾಯಿತು. ತಮಿಳಿನಲ್ಲೂ ಇದೇ ಬೇರಿನ ಪದವಿದೆ. ಸಾವಿರಾರು ವರ್ಷ ನಮ್ಮ ಪೂರ್ವಿಕರು ಸಹಜವಾಗಿ ಆಡಿದ ಮಾತು ಇದು. ಸಂಸ್ಕೃತದ ಪದ ಬಂದಮೇಲೆ ಅದು ಮರ್ಯಾದೆಯ ಮಾತಾಯಿತು, ಮನೆಯ ಮಾತು ಅಸಭ್ಯವಾಯಿತು. ಪ್ರಾಣಿಗಳ ವಿಷಯದಲ್ಲಿ ಮಾತ್ರ ನಮಗೆ ನಾಚಿಕೆಯಿಲ್ಲ. ಹಸುವಿನದು ಸಗಣಿ, ಕುದುರೆ ಆನೆಯದು ಲದ್ದಿ, ಆಡು ಕುರಿಯದು ಹಿಕ್ಕೆ. ಮನುಷ್ಯನದಕ್ಕೆ ಬಂದಾಗ ಮಾತ್ರ ಗಂಟಲು ಕಟ್ಟುತ್ತದೆ.

ಆಗ ನಾವು ಸುತ್ತಿ ಬಳಸಿ ಹೇಳುತ್ತೇವೆ. ಬಹಿರ್ದೆಸೆ ಎಂದರೆ ಹೊರಗಿನ ದಿಕ್ಕು. ಹೊರಕಡೆ ಹೋಗುವುದು, ಚೊಂಬು ತಗೊಂಡು ಹೋಗುವುದು, ಎರಡಕ್ಕೆ ಹೋಗುವುದು, ಎಲ್ಲವೂ ವಸ್ತುವನ್ನು ಬಿಟ್ಟು ಜಾಗವನ್ನೋ ಪಾತ್ರೆಯನ್ನೋ ಲೆಕ್ಕವನ್ನೋ ಹಿಡಿದ ಮಾತುಗಳು. "ಶೌಚ" ಎಂಬುದಂತೂ ಪೂರಾ ತಿರುವು. ಶುಚಿ ಎಂಬುದರಿಂದ ಬಂದ ಇದರ ಅರ್ಥ ಶುದ್ಧಿ!

ನಾವಿರುವ ಊರುಗಳ ಜನರೂ ಇದನ್ನೇ ಮಾಡಿದ್ದಾರೆ:

▪️ ಚೆನ್ನೈಯ "ಕಕ್ಕೂಸ್", ನಮ್ಮ "ಕಕ್ಕಸು" ಎರಡೂ ಡಚ್ಚರ "ಕಾಕ್‌ಹೌಸ್" ಎಂಬುದರಿಂದ ಬಂದವು. ವ್ಯಾಪಾರಕ್ಕೆ ಬಂದವರು ಮೆಣಸು ಒಯ್ದು ಈ ಪದ ಬಿಟ್ಟುಹೋದರು.
▪️ ಹೈದರಾಬಾದಿನ ತೆಲುಗಿನಲ್ಲಿ "ದೊಡ್ಡಿಕಿ" ಹೋಗುವುದು ಎಂದರೆ ಹಿತ್ತಿಲಿಗೆ ಹೋಗುವುದು. ಅಲ್ಲಿ ಕೇಳುವ "ಪಾಯಖಾನಾ" ಫಾರಸಿ ಪದ, ಕಾಲಿಡುವ ಕೋಣೆ ಎಂದರ್ಥ.
▪️ ಮುಂಬೈ, ಪುಣೆಯಲ್ಲಿ "ಸಂಡಾಸ್" ಎಂದರೆ ಕೋಣೆಯೂ ಹೌದು, ಕ್ರಿಯೆಯೂ ಹೌದು.
▪️ ದೆಹಲಿಯ "ಟಟ್ಟೀ" ಎಂದರೆ ನಿಜವಾಗಿ ಬಿದಿರಿನ ತಡಿಕೆ, ನಮ್ಮ ಊರಿನ ತಟ್ಟಿ. ತಡಿಕೆಯ ಮರೆಗೆ ಹೋಗುವುದೇ ಆಮೇಲೆ ಕ್ರಿಯೆಯ ಹೆಸರಾಯಿತು. ಅದಕ್ಕೇ ದೆಹಲಿಯ ಕನ್ನಡಿಗರ ಮನೆಯಲ್ಲಿ "ತಟ್ಟೆ ಹಾಕು, ಊಟ ಮಾಡೋಣ" ಎಂದಾಗ ಅಲ್ಲಿನ ಅತಿಥಿಗಳು ಗಾಬರಿಯಾಗುವುದು!

*ಇದರಲ್ಲಿ ಇರುವುದೇನು?*

ನಾವು ತಿಂದದ್ದರ ಉಳಿಕೆ ಮಾತ್ರ ಇದು ಎಂದು ಬಹಳ ಜನ ತಿಳಿದಿದ್ದಾರೆ. ಮಲದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಉಳಿದ ಗಟ್ಟಿ ಭಾಗದಲ್ಲಿ ದೊಡ್ಡ ಪಾಲು ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ. ಜೊತೆಗೆ ಜೀರ್ಣವಾಗದ ನಾರು, ಸ್ವಲ್ಪ ಕೊಬ್ಬು, ಕರುಳಿನ ಗೋಡೆಯಿಂದ ಉದುರಿದ ಜೀವಕೋಶಗಳು.

ಕಂದು ಬಣ್ಣ ಆಹಾರದ್ದಲ್ಲ. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕಿ ಸಾಯುತ್ತವೆ. ಅವುಗಳ ಬಣ್ಣವನ್ನು ಯಕೃತ್ತು ಪಿತ್ತರಸದಲ್ಲಿ ಸೇರಿಸಿ ಕರುಳಿಗೆ ಕಳಿಸುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಅದು ಕಂದಾಗುತ್ತದೆ. ಅಂದರೆ ದಿನ ಬೆಳಗ್ಗೆ ನಮ್ಮ ಯಕೃತ್ತು, ಪಿತ್ತಕೋಶ, ಕರುಳು ಮೂರೂ ಸೇರಿ ಒಂದು ವರದಿ ಕಳಿಸುತ್ತವೆ. ನಾವು ಓದದೆ ನೀರು ಹಾಕಿಬಿಡುತ್ತೇವೆ.

*ಬಣ್ಣ ಏನು ಹೇಳುತ್ತದೆ?*

ಈ ಲೇಖನದ ಮುಖ್ಯ ಭಾಗ ಇದು. ಗಮನವಿಟ್ಟು ಓದಿ.

⚫ *ಕಪ್ಪು.* ಗ್ರೀಕ್ ಭಾಷೆಯಲ್ಲಿ "ಮೆಲಾಸ್" ಎಂದರೆ ಕಪ್ಪು. ನಮ್ಮ "ಮಲ"ವೂ ಆ "ಮೆಲಾಸ್" ಪದವೂ ಒಂದೇ ಹಳೆಯ ಬೇರಿನವು ಎಂದು ಭಾಷಾಶಾಸ್ತ್ರಜ್ಞರು ಹಲವರು ಹೇಳುತ್ತಾರೆ. ಚರ್ಮದ ಬಣ್ಣವಾದ ಮೆಲನಿನ್ ಅದರಿಂದಲೇ ಬಂತು. ವೈದ್ಯರು ಹೇಳುವ *ಮೆಲೀನಾ* ಕೂಡ ಅದರಿಂದಲೇ. ಮೆಲೀನಾ ಎಂದರೆ ಡಾಂಬರಿನಂತೆ ಕಪ್ಪಾದ, ಅಂಟಂಟಾದ, ಎಂದೂ ಇಲ್ಲದ ಕೆಟ್ಟ ವಾಸನೆಯ ಮಲ. ಜಠರದಲ್ಲೋ ಸಣ್ಣ ಕರುಳಿನ ಮೊದಲ ಭಾಗದಲ್ಲೋ ರಕ್ತ ಸೋರಿ, ಆ ರಕ್ತ ಜೀರ್ಣವಾಗಿ ಕಪ್ಪಾಗಿ ಬರುತ್ತಿದೆ ಎಂದರ್ಥ. ಸುಮಾರು 50 ಮಿಲಿಲೀಟರ್ ರಕ್ತ ಸೋರಿದರೂ ಮಲ ಕಪ್ಪಾಗಬಹುದು. ಅಂದರೆ ಅರ್ಧ ಲೋಟಕ್ಕಿಂತ ಕಡಿಮೆ.

ಇದು ಯಾರಿಗೆ ಹೆಚ್ಚು? ಮಂಡಿನೋವಿಗೆಂದು ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವವರಿಗೆ, ಹೃದಯಕ್ಕೆಂದು ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಹೊಟ್ಟೆಯ ಹುಣ್ಣು ಇರುವವರಿಗೆ, ಮದ್ಯದಿಂದ ಯಕೃತ್ತು ಕೆಟ್ಟವರಿಗೆ. ನಮ್ಮ ಮನೆಯ ಹಿರಿಯರಲ್ಲಿ ಎಷ್ಟು ಜನ ಈ ಪಟ್ಟಿಯಲ್ಲಿದ್ದಾರೆ, ನೀವೇ ಎಣಿಸಿ. ಹೃದಯದ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಕಪ್ಪು ಮಲ ಕಂಡ ದಿನವೇ ವೈದ್ಯರ ಬಳಿ ಹೋಗಿ. ತಲೆಸುತ್ತು, ಬೆವರು, ಎದೆಬಡಿತ ಜೊತೆಗಿದ್ದರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ.

ಕಬ್ಬಿಣಾಂಶದ ಮಾತ್ರೆ ತಿಂದಾಗಲೂ ಮಲ ಕಪ್ಪಾಗುತ್ತದೆ. ಅದು ಸಾಮಾನ್ಯವಾಗಿ ಡಾಂಬರಿನಂತೆ ಅಂಟಾಗಿರುವುದಿಲ್ಲ, ಆ ಕೆಟ್ಟ ವಾಸನೆಯೂ ಇರುವುದಿಲ್ಲ. ಅನುಮಾನವಿದ್ದರೆ ಕೇಳಿಬಿಡುವುದೇ ಲೇಸು.

🔴 *ಕೆಂಪು.* ಹಿಂದಿನ ರಾತ್ರಿ ಬೀಟ್‌ರೂಟ್ ಪಲ್ಯ ತಿಂದಿದ್ದರೆ ಗಾಬರಿ ಬೇಡ. ಇಲ್ಲವಾದರೆ ಅದು ರಕ್ತ. ನಮ್ಮಲ್ಲಿ ಕೆಂಪು ಕಂಡ ಕೂಡಲೇ "ಮೂಲವ್ಯಾಧಿ ಇರಬೇಕು, ಉಷ್ಣ ಆಗಿದೆ" ಎಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತೇವೆ. ಬಹಳ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ, ನಿಜ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರುತ್ತದೆ. ಬೇಗ ಸಿಕ್ಕರೆ ವಾಸಿಯಾಗುವ ಕ್ಯಾನ್ಸರ್ ಅದು. ಮೂಲವ್ಯಾಧಿ ಎಂದು ನಿರ್ಧರಿಸಬೇಕಾದವರು ಪರೀಕ್ಷೆ ಮಾಡಿದ ವೈದ್ಯರು, ಪಕ್ಕದ ಮನೆಯವರಲ್ಲ.

⚪ *ಸುಣ್ಣದಂತೆ ಬಿಳಿಚಿದ್ದು.* ಪಿತ್ತರಸ ಕರುಳಿಗೆ ತಲುಪುತ್ತಿಲ್ಲ. ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಇರಬಹುದು. ಹೊಸದಾಗಿ ಅಜ್ಜ ಅಜ್ಜಿ ಆದವರು ಇದನ್ನು ವಿಶೇಷವಾಗಿ ನೆನಪಿಡಿ. ಹುಟ್ಟಿ ಎರಡು ವಾರ ಕಳೆದರೂ ಮಗುವಿನ ಕಾಮಾಲೆ ಹೋಗಿಲ್ಲ, ಮಲ ಬಿಳಿಚಿದೆ ಎಂದರೆ "ಬಿಸಿಲಿಗೆ ಹಿಡಿದರೆ ಸರಿಹೋಗುತ್ತೆ" ಎಂದು ಕಾಯಬೇಡಿ. ಪಿತ್ತನಾಳ ಮುಚ್ಚಿಕೊಂಡಿದ್ದರೆ ಮೊದಲ ಎರಡು ತಿಂಗಳ ಒಳಗೆ ಆಗುವ ಶಸ್ತ್ರಚಿಕಿತ್ಸೆಯೇ ಹೆಚ್ಚು ಫಲ ಕೊಡುತ್ತದೆ.

*ಕಟ್ಟಿದ ಮಲ, ಒಡೆದ ಮಲ*

ರೋಗದ ಹೆಸರುಗಳಲ್ಲೇ ರೋಗದ ರೀತಿ ಇದೆ. ಬದ್ಧ ಎಂದರೆ ಕಟ್ಟಿದ್ದು, ಅದಕ್ಕೆ ಮಲಬದ್ಧತೆ. ಭೇದಿ ಎಂದರೆ ಒಡೆದದ್ದು. ಅತಿಸಾರ ಎಂದರೆ ಅತಿಯಾಗಿ ಹರಿದದ್ದು.

ದಿನಕ್ಕೊಂದು ಸಲ ಆಗಲೇಬೇಕು ಎಂಬ ನಿಯಮವೇನೂ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ, ಸಲೀಸಾಗಿ ಆಗುತ್ತಿದ್ದರೆ ಅದು ಸಹಜ. 1997ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ಮಲದ ರೂಪವನ್ನು ಏಳು ಬಗೆಯಾಗಿ ವಿಂಗಡಿಸಿದರು. ಒಂದನೆಯದು ಆಡಿನ ಹಿಕ್ಕೆಯಂತೆ ಬಿಡಿಬಿಡಿಯಾಗಿ ಗಟ್ಟಿ, ಏಳನೆಯದು ಬರೀ ನೀರು. ಮೂರು, ನಾಲ್ಕನೆಯದು, ಅಂದರೆ ಮೆತ್ತಗಿನ ಬಾಳೆಹಣ್ಣಿನಂಥದ್ದು, ಒಳ್ಳೆಯದು. ಇಂದು ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ಈ ಪಟ್ಟಿ ಗೋಡೆಯ ಮೇಲಿರುತ್ತದೆ. ನಾಲಿಗೆಗೆ ಬರದಿದ್ದರೆ ನಂಬರು ಹೇಳಿದರೂ ಸಾಕು!

ಚರಕ ಸಂಹಿತೆ ತಡೆಯಬಾರದ ಹದಿಮೂರು ವೇಗಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಮೂತ್ರ, ಮಲ ಮೊದಲ ಸಾಲಿನಲ್ಲೇ ಇವೆ. ಇಂದಿನ ವೈದ್ಯವೂ ಅದನ್ನೇ ಹೇಳುತ್ತದೆ. ತಡೆದಷ್ಟೂ ಕರುಳು ನೀರನ್ನು ಹೀರುತ್ತದೆ, ಮಲ ಗಟ್ಟಿಯಾಗುತ್ತದೆ. ಲೋಕಲ್ ಟ್ರೈನ್ ತಪ್ಪೀತೆಂದು ಓಡುವ ನೌಕರರು, ಶಾಲೆಯ ಶೌಚಾಲಯಕ್ಕೆ ಹೆದರಿ ನೀರೇ ಕುಡಿಯದ ಹೆಣ್ಣುಮಕ್ಕಳು, ಒಂದೇ ಶೌಚಾಲಯದ ಮನೆಯಲ್ಲಿ ಎಲ್ಲರದೂ ಮುಗಿಯಲಿ ಎಂದು ಕಾಯುವ ಗೃಹಿಣಿ, ಇವರಿಗೆಲ್ಲ ಮಲಬದ್ಧತೆ ಬರುವುದು ಹೀಗೆ.

ಮಾಡಬೇಕಾದದ್ದು ಕಷ್ಟವೇನಲ್ಲ:

✅ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು. ರಾಗಿ ಮುದ್ದೆ, ಜೋಳದ ರೊಟ್ಟಿ, ಹುರುಳಿ, ಮೊಳಕೆಕಾಳು, ಬಸ್ಸಾರು, ಬಾಳೆದಿಂಡು, ಪೇರಲೆ, ಇವೆಲ್ಲ ನಮ್ಮ ಊಟವೇ. ಪಾವ್, ಮೈದಾ ಬಿಸ್ಕತ್ತು, ಬಿಳಿ ಅನ್ನದ ಮೇಲೆ ಮಾತ್ರ ನಿಂತರೆ ನಾರು ಎಲ್ಲಿಂದ ಬರಬೇಕು? ಆಫ್ರಿಕಾದಲ್ಲಿ ಕೆಲಸ ಮಾಡಿದ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು 1970ರ ದಶಕದಲ್ಲಿ ಹೇಳಿದ್ದೂ ಇದನ್ನೇ. ನಾರು ಹೆಚ್ಚು ತಿನ್ನುವ ಹಳ್ಳಿಗರ ಮಲ ಹೆಚ್ಚು ಮತ್ತು ಮೆತ್ತಗೆ, ಅವರಲ್ಲಿ ಕರುಳಿನ ರೋಗ ಕಡಿಮೆ ಎಂದು ಅವರು ಗಮನಿಸಿದ್ದರು.
✅ ನಾರಿನ ಜೊತೆ ನೀರು ಬೇಕೇ ಬೇಕು. ಇಸಬ್‌ಗೋಲ್ ತೆಗೆದುಕೊಳ್ಳುವವರು ತುಂಬು ಲೋಟ ನೀರಿನಲ್ಲಿ ಕುಡಿಯಿರಿ. ಅಂದಹಾಗೆ ಆ ಹೆಸರು ಫಾರಸಿಯದು. ಬೀಜದ ಆಕಾರ ನೋಡಿ "ಕುದುರೆಯ ಕಿವಿ" ಎಂದು ಕರೆದರು. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ನೀರು ಎಂದು ವೈದ್ಯರನ್ನು ಕೇಳಿ.
✅ ತಿಂದ ಮೇಲೆ ದೊಡ್ಡ ಕರುಳು ಚುರುಕಾಗುತ್ತದೆ. ಬೆಳಗಿನ ತಿಂಡಿ ಕಾಫಿಯ ನಂತರದ ಹದಿನೈದು ನಿಮಿಷ ನಿಮಗಾಗಿ ಇಟ್ಟುಕೊಳ್ಳಿ. ಮೊಬೈಲ್ ಹೊರಗಿರಲಿ.
✅ ಫ್ಲ್ಯಾಟಿನ ಕಮೋಡಿನಲ್ಲಿ ಕೂರುವವರು ಪಾದದ ಕೆಳಗೆ ಒಂದು ಗಿಡ್ಡ ಮಣೆ ಇಟ್ಟುಕೊಳ್ಳಿ. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಗುದನಾಳದ ಬಾಗು ನೇರವಾಗುತ್ತದೆ, ಮುಕ್ಕುವುದು ತಪ್ಪುತ್ತದೆ.
✅ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು, ಕೆಲವು ಕೆಮ್ಮು ಮತ್ತು ನೋವಿನ ಔಷಧಗಳು ಮಲ ಕಟ್ಟಿಸುತ್ತವೆ. ನಿಮ್ಮ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ.

*ಹೊತ್ತವರನ್ನು ಮರೆಯಬಾರದು*

ಮಲ ಎಂಬ ಪದದ ಕೊಳೆಯನ್ನು ಸಮಾಜ ಕೆಲವು ಮನುಷ್ಯರ ತಲೆಗೇ ಹೊರಿಸಿತ್ತು. ಡಬ್ಬಿಯಲ್ಲಿ ತುಂಬಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಲ್ಲಿಸಲು ಹೊರಟವರು ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು, 1970ರ ದಶಕದಲ್ಲಿ. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ. ಹಾಗಿದ್ದರೂ ನಾವಿರುವ ಮಹಾನಗರಗಳಲ್ಲಿ ಗಟಾರಕ್ಕೆ, ಸೆಪ್ಟಿಕ್ ಟ್ಯಾಂಕಿಗೆ ಇಳಿದವರು ಸತ್ತ ಸುದ್ದಿ ಬರುತ್ತಲೇ ಇರುತ್ತದೆ. ನಿಮ್ಮ ಸೊಸೈಟಿಯಲ್ಲಿ ಟ್ಯಾಂಕ್ ಕಟ್ಟಿಕೊಂಡಾಗ ಮನುಷ್ಯರನ್ನು ಇಳಿಸಲು ಬಿಡಬೇಡಿ, ಯಂತ್ರವನ್ನೇ ಕರೆಸಿ ಎಂದು ಸಭೆಯಲ್ಲಿ ಗಟ್ಟಿಯಾಗಿ ಹೇಳಿ. ನಮ್ಮ ಆರೋಗ್ಯಕ್ಕೆ ಇನ್ನೊಬ್ಬರ ಪ್ರಾಣ ಬೆಲೆಯಾಗಬಾರದು.

*ವೈದ್ಯರ ಮುಂದೆ ಏನು ಹೇಳಬೇಕು?*

ಸಂತೋಷದ ವಿಷಯವೆಂದರೆ ಮಲ ಎಂಬ ಪದ ನಮ್ಮ ದೇಶದ ಬಹುತೇಕ ಕಡೆ ನಡೆಯುತ್ತದೆ. ಇದನ್ನು ಮನೆಯ ಹಿರಿಯರಿಗೆ ಬರೆದುಕೊಡಿ. "ಮಲದಲ್ಲಿ ರಕ್ತ ಬರುತ್ತಿದೆ" ಎನ್ನಲು:

▪️ ಹಿಂದಿ: ಮಲ್ ಮೇ ಖೂನ್ ಆತಾ ಹೈ
▪️ ಮರಾಠಿ: ಶೌಚಾವಾಟೇ ರಕ್ತ ಜಾತೇ
▪️ ತಮಿಳು: ಮಲತ್ತಿಲ್ ರತ್ತಂ ವರುದು
▪️ ತೆಲುಗು: ಮಲಂಲೋ ರಕ್ತಂ ವಸ್ತೋಂದಿ

ಇದರ ಜೊತೆಗೆ ಐದು ಸಂಗತಿ ಹೇಳಿ: ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ, ಬಣ್ಣ ಯಾವುದು, ಗಟ್ಟಿಯೋ ನೀರೋ, ನೋವಿದೆಯೋ ಇಲ್ಲವೋ.

ಈ ಕೆಳಗಿನವು ಇದ್ದರೆ ಮನೆಮದ್ದು ಬೇಡ, ವೈದ್ಯರೇ ಬೇಕು:

❗ ಡಾಂಬರಿನಂಥ ಕಪ್ಪು ಅಥವಾ ರಕ್ತ
❗ ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ
❗ 45 ದಾಟಿದ ಮೇಲೆ ಹೊಸದಾಗಿ ಶುರುವಾಗಿ ವಾರಗಟ್ಟಲೆ ನಿಂತ ಬದಲಾವಣೆ
❗ ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲವೂ ಗಾಳಿಯೂ ಹೋಗದಿರುವುದು. ಇದು ತುರ್ತು, ಬೆಳಗಾಗಲಿ ಎಂದು ಕಾಯಬೇಡಿ
❗ ಭೇದಿಯಾಗುವ ಮಗು ಅಥವಾ ವೃದ್ಧರು ಮಂಕಾಗಿ, ಮೂತ್ರ ಕಡಿಮೆಯಾದರೆ. ಓಆರ್‌ಎಸ್ ಕುಡಿಸುತ್ತಲೇ ಹೊರಡಿ

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಅಪ್ಪನಿಗೋ ಅಮ್ಮನಿಗೋ ಫೋನ್ ಮಾಡಿದಾಗ "ಊಟ ಆಯ್ತಾ?" ಎಂದು ಕೇಳಿದ ಮೇಲೆ "ಬೆಳಗ್ಗೆ ಹೊಟ್ಟೆ ಸಲೀಸಾಗಿ ಹೋಗುತ್ತಾ? ಬಣ್ಣ ಏನಾದ್ರೂ ಬದಲಾಗಿದೆಯಾ?" ಎಂದೂ ಕೇಳಿ. ಮೊದಲ ಸಲ "ಏನೋ ನಿಂದು!" ಎಂದು ಬೈಯಬಹುದು. ಎರಡನೆಯ ಸಲ ಉತ್ತರ ಸಿಗುತ್ತದೆ. ಆ ಉತ್ತರ ಒಂದು ಜೀವ ಉಳಿಸಬಹುದು.

ಈ ಲೇಖನ ತಿಳಿವಳಿಕೆಗಾಗಿ ಮಾತ್ರ, ಚಿಕಿತ್ಸೆಗೆ ನಿಮ್ಮ ವೈದ್ಯರನ್ನೇ ಕಾಣಿರಿ. ಉಪಯೋಗವೆನಿಸಿದರೆ ಊರಿನ ಬಳಗಕ್ಕೂ ಪರಊರಿನ ಕನ್ನಡಿಗರಿಗೂ ಕಳಿಸಿ.

ಎಲ್ಲರ ದೇಹವೂ ಮನಸ್ಸೂ ನಿರ್ಮಲವಾಗಿರಲಿ. 🙏